ಪುರಭವನದ ಅಂಗಳದಲ್ಲಿ ಮೆಣಸು

ಅರೆ ಒಣಗಿದ ಕಾಳುಮೆಣಸಿನ ಘಾಟು ಮೂಗಿಗೆ ಹತ್ತಿದರೆ ಬೇರೆಯವರಿಗೆ ಸೀನು ಬರುತ್ತದೆ. ನನಗೆ ಇತಿಹಾಸ ಬರುತ್ತದೆ. ಇವತ್ತು ಬೆಳಿಗ್ಗೆಯೂ ಬಂತು. ಸ್ವಲ್ಪ ಹೊತ್ತು ಸಹಿಸಿಕೊಳ್ಳಿ.

ವಯನಾಡು ಜಿಲ್ಲೆಯಾದ ಹೊಸತು. ನಮ್ಮ ಗಡಿಪೇಟೆಗೆ ಒಮ್ಮೆಲೇ ಗಾಂಭೀರ್ಯ ಬಂದುಬಿಟ್ಟಿತು. ಯಾವನೋ ಬಿಳಿ ದೊರೆ ಕಟ್ಟಿಸಿದ್ದ ಹಂಚಿನ ಪುರಭವನಕ್ಕೆ ಸುಣ್ಣ ಬಳಿದು, ಒಬ್ಬ ಆಫೀಸರನ್ನು ಒಳಗೆ ಕೂರಿಸಿದರು. ಅದು ಚಾರಿತ್ರಿಕ ಕಟ್ಟಡವೆಂದು ಅವರು ಹೇಳಿದ ಮೇಲೆಯೇ ನಮಗೆ ತಿಳಿದದ್ದು. ಅಲ್ಲಿಯವರೆಗೆ ಅದು ಪೇಟೆಯಲ್ಲಿ ಸಿಮೆಂಟಿನ ಅಂಗಳವಿದ್ದ ಒಂದೇ ಜಾಗ, ಅಷ್ಟೆ. ಚರಿತ್ರೆಯ ಮೇಲೆ ನಮಗೆ ದ್ವೇಷವೇನಿರಲಿಲ್ಲ. ಆದರೆ ಮೆಣಸು ಒಣಗಬೇಕಿತ್ತು.

ನನ್ನ ಸೋದರತ್ತೆ ಗೌರಮ್ಮನಿಗಂತೂ ಬೇರೆ ದಾರಿಯಿರಲಿಲ್ಲ. ಮಾವ ತೀರಿಕೊಂಡಿದ್ದರು. ಮನೆಯಂಗಳವೆಂದರೆ ಮರದ ನೆರಳಿನ ಹಸಿಮಣ್ಣು. ಅಲ್ಲಿ ಹರಡಿದ ಮೆಣಸಿಗೆ ಬೂಷ್ಟು ಹಿಡಿದರೆ ವರ್ಷದ ಬದುಕೇ ಹೋಯಿತು.

ಆಫೀಸರದು ಮಲಯಾಳ, ಅತ್ತೆಯದು ಕನ್ನಡ; ಜಗಳಕ್ಕೆ ಅದರಿಂದ ಯಾವ ತೊಂದರೆಯೂ ಆಗಲಿಲ್ಲ.

"ಅಮ್ಮೇ, ಇಲ್ಲಿ ಮೆಣಸು ಹಾಕಲಿಕ್ಕೆ ಪಾಡಿಲ್ಲ, ಹಾಕಬಾರದು. ಇದು ಸರ್ಕಾರದ ಅಂಗಳ."

"ಹೌದಾ ಸಾರೇ? ಸರ್ಕಾರ ಏನು ಒಣಗಿಸ್ತದೆ ಇಲ್ಲಿ?"

"ಇದು ಪೈತೃಕ! ಹಿರಿಯರು ಬಿಟ್ಟುಹೋದದ್ದು!"

"ಈ ಸಿಮೆಂಟ್ ಕಲಸುವಾಗ ಹೊಳೆಯಿಂದ ನೀರು ಹೊತ್ತವಳು ನಾನು. ಆಗ ಯಾರೂ ಪೈತೃಕ ಅನ್ಲಿಲ್ಲ. ಬೇಗ ನಡಿಯೇ ಹುಡುಗಿ ಅಂದ್ರು."

ಪ್ಯೂನ್ ಚಾಪೆ ಸುತ್ತಿ ಗೇಟಿನಾಚೆ ಇಡುತ್ತಿದ್ದ; ಅತ್ತೆ ಬಿಚ್ಚಿ ಗೇಟಿನೀಚೆ ಹಾಸುತ್ತಿದ್ದಳು. ಹೊಸ ಜಿಲ್ಲೆಯ ಆಡಳಿತ ಹೀಗೆ ಕೆಲವು ದಿನ ಸುಸೂತ್ರವಾಗಿ ನಡೆಯಿತು.

ಕೊನೆಗೆ ಆಫೀಸರು ಊರವರ ಸಭೆ ಕರೆದರು. ಮೊದಲು ಕಟ್ಟಡದ ಘನತೆಯ ಕುರಿತು ಭಾಷಣ, ಆಮೇಲೆ ಮೆಣಸನ್ನು ನಿಷೇಧಿಸುವ ನಿರ್ಣಯ. ಭಾಷಣ ದೊರೆಯ ಕಾಲದ ಕಿಟಕಿಗಳವರೆಗೆ ಬಂದಿತ್ತಷ್ಟೆ, ಹಂಚಿನ ಮೇಲೆ ಪಟಪಟ ಸದ್ದಾಯಿತು. ಅಕಾಲದ ಮಳೆ.

ಒಣಹಾಕಿದ ಮೆಣಸಿನ ಮೇಲೆ ಹನಿ ಬಿದ್ದರೆ, ಯಾರದೆಂದು ಕೇಳದೆ ಓಡುವುದು ನಮ್ಮ ಕಡೆಯ ಪದ್ಧತಿ. ಸಭೆಗೆ ಸಭೆಯೇ ಎದ್ದು ಓಡಿತು. ಎಲ್ಲರಿಗಿಂತ ಮುಂದಿದ್ದವರು ಆಫೀಸರು! "ಅಯ್ಯೋ, ಮುಳಗು! ಮುಳಗು!" ಎಂದು ತಮ್ಮ ಭಾಷೆಯಲ್ಲಿ ಮೆಣಸನ್ನೇ ಕೂಗುತ್ತ, ಬಿಳಿ ಪಂಚೆ ಎತ್ತಿ ಕಟ್ಟಿ ಚಾಪೆಯ ತುದಿ ಹಿಡಿದರು. ಅವರ ಮನೆಯಲ್ಲೂ ಬಳ್ಳಿಗಳಿದ್ದಿರಬೇಕು. ಮೆಣಸೆಲ್ಲ ಒಳಗೆ ಬಂದು ಚಾರಿತ್ರಿಕ ನೆಲದ ತುಂಬ ಹರಡಿಕೊಂಡಿತು. ನಿರ್ಣಯ ಮಂಡಿಸಲು ನಿಲ್ಲುವ ಜಾಗವೇ ಉಳಿಯಲಿಲ್ಲ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ಸಾರೇ, ಚಪ್ಪಲಿ ಬಿಟ್ಟು ಬನ್ನಿ. ಮೆಣಸು ಉಂಟು," ಎಂದಳು.

ಅವರು ಬಿಟ್ಟರು. ಮತ್ತೆಂದೂ ನಿಷೇಧದ ಮಾತೆತ್ತಲಿಲ್ಲ.

ಈಗ ಅತ್ತೆಯಿಲ್ಲ. ಅಂಗಳಕ್ಕೆ ನುಣುಪು ಕಲ್ಲು ಹಾಸಿ ಸುತ್ತ ಸರಪಳಿ ಬಿಗಿದಿದ್ದಾರೆ. ತಾರಸಿಯಿಲ್ಲದವರು ಲಾರಿ ಓಡುವ ರಸ್ತೆಯಂಚಿಗೆ ಮೆಣಸು ಹರಡುತ್ತಾರೆ. ಇಷ್ಟು ವರ್ಷ ನಾನಿದನ್ನು ತಮಾಷೆಯ ಕಥೆಯೆಂದು ಹೇಳಿ ನಗಿಸುತ್ತಿದ್ದೆ. ಬರೆದು ನೋಡಿದರೆ ಹಾಗನ್ನಿಸುತ್ತಿಲ್ಲ. ನನಗೆ ತಾರಸಿಯಿದೆ, ಮೆಣಸೂ ನಾಲ್ಕೇ ಬಳ್ಳಿಯದು. ಆದರೂ ನಾಳೆ ಬೆಳಿಗ್ಗೆ ಸರಪಳಿ ದಾಟುವವನಿದ್ದೇನೆ. ಕಾವಲುಗಾರ ಓಡಿ ಬರುತ್ತಾನೆ. ಬರಲಿ. ಮೊದಲು ಅವನ ಕೈಗೆ ಚಾಪೆಯ ಒಂದು ತುದಿ ಕೊಡುತ್ತೇನೆ, ಮಾತು ಆಮೇಲೆ.