ಮೂರು ಗಂಟೆ ಎಂದು ಬರೆಸಿದವಳು ನಾನು

ಡಾಕ್ಟರೇ, ನಮ್ಮ ಯಜಮಾನರಿಗೆ ಸ್ಟ್ರೋಕ್ ಆದದ್ದು ಮಧ್ಯಾಹ್ನ ಮೂರು ಗಂಟೆಗಲ್ಲ. ಬೆಳಿಗ್ಗೆ ಏಳೂವರೆಗೆ. ನಾನು ಎದುರಿಗೇ ಇದ್ದೆ. ನಿಮ್ಮ ಫಾರಮ್ಮಿನಲ್ಲಿ ಮೂರು ಎಂದು ಬರೆಸಿದ್ದು ಸುಳ್ಳು — ತಿಳಿದೂ ತಿಳಿದೂ ಹೇಳಿದ ಸುಳ್ಳು.

ನಿಮಗೆ ನೆನಪಿರಲಿಕ್ಕಿಲ್ಲ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು; ಮೈಸೂರಿನ ನಿಮ್ಮ ಆಸ್ಪತ್ರೆಗೆ ಸ್ಕ್ಯಾನಿಂಗ್ ಮೆಷಿನ್ ಹೊಸದಾಗಿ ಬಂದಿತ್ತು. ನಂಜನಗೂಡಿನಿಂದ ಟ್ಯಾಕ್ಸಿಯಲ್ಲಿ, ಬಲಗೈ ಬಲಗಾಲು ಸ್ವಾಧೀನ ತಪ್ಪಿದ, ಮಾತು ನಿಂತುಹೋದ ಗಂಡನನ್ನು ಕರೆತಂದ ಹೆಂಗಸು ನಾನು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅವರು ಹದಿನಾರು ಎಂಬ ಹಳ್ಳಿಯ ರೈತರ ಮನೆಯವರು, ನಂಜನಗೂಡಿನಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದರು. ಅವರ ಬಾಯಲ್ಲಿ ಹಳ್ಳಿ ಅಳ್ಳಿಯಾಗುತ್ತಿತ್ತು, ಹೋಗು ಓಗು ಆಗುತ್ತಿತ್ತು. ಮದುವೆಯಾದ ವರ್ಷದಿಂದ ತಿದ್ದುತ್ತಲೇ ಬಂದೆ — “ಸ್ಪೀಕ್ ಪ್ರಾಪರ್ಲಿ.” ಅವರಿಗೆ ಅದೊಂದು ಆಟ. ನನ್ನ ಮೇಲೆ ಸಿಟ್ಟು ಬಂದರೆ ಬೇಕೆಂದೇ ಮಾತನ್ನು ಇನ್ನಷ್ಟು ಎಳೆದು, “ಏನ್ ಮಾಡಾದು ಮೇಡಮ್ಮೋರೇ, ನಿಮ್ ಗಂಡಂಗೆ ನಾಲ್ಗೆ ತಿರುಗಾಕಿಲ್ಲ ಕಣ್ರೀ,” ಎಂದು ನಗುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಬೆಳಿಗ್ಗೆ ನಮ್ಮಿಬ್ಬರಿಗೂ ಮಾತಿರಲಿಲ್ಲ. ಹಿಂದಿನ ಸಂಜೆ ನೆಂಟರ ಮುಂದೆಯೇ ಅವರನ್ನು ತಿದ್ದಿದ್ದೆ. ಅವರು ಎದ್ದು ಒಳಗೆ ಹೋಗಿದ್ದರು. ನಾನು ನರಸೀಪುರದ ಅಕ್ಕನ ಮನೆಗೆ ಹೊರಟು ಸೀರೆಗೆ ಪಿನ್ ಹಾಕಿಕೊಳ್ಳುತ್ತಿದ್ದೆ. ಕಾಫಿ ಲೋಟ ಬಿದ್ದ ಸದ್ದು. ತಿರುಗಿದೆ.

“ಕೈ... ಕೈ ಬತ್ತಿಲ್ಲ ಕಣಮ್ಮಿ.”

ನಾಲಿಗೆ ದಪ್ಪವಾದ ಹಾಗೆ, ತುಟಿಯ ಒಂದೇ ಬದಿಯಿಂದ ಬಂದ ಮಾತು.

“ಸ್ಪೀಕ್ ಪ್ರಾಪರ್ಲಿ,” ಎಂದೆ. ಬ್ಯಾಗ್ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಅದನ್ನೇ ಅಣಕಿಸಿ ತೋರಿಸಿದೆ — ಬಾಯಿ ಓರೆ ಮಾಡಿ. ಅಕ್ಕ ನಕ್ಕುಬಿಟ್ಟಳು. “ಪಾಪ ಬಿಡೇ, ನಿನ್ನಂಥವಳನ್ನ ಇಟ್ಕೊಂಡು ಬಾಳ್ತಿದಾರಲ್ಲ, ಅವರ ಪುಣ್ಯ ದೊಡ್ಡದು,” ಎಂದಳು. ನಾನೂ ನಕ್ಕೆ. ಅದೇ ಹೊತ್ತಿನಲ್ಲಿ ಅಲ್ಲಿ, ನಂಜನಗೂಡಿನಲ್ಲಿ —

ಮೂರಕ್ಕೆ ಮನೆಗೆ ಬಂದರೆ ಅವರು ಕುರ್ಚಿಯ ಪಕ್ಕ ನೆಲದ ಮೇಲಿದ್ದರು. ಚೆಲ್ಲಿದ ಕಾಫಿ ಒಣಗಿ ಇರುವೆ ಮುತ್ತಿತ್ತು. ಕಣ್ಣು ತೆರೆದೇ ಇತ್ತು.

“ಯಾವಾಗ ಶುರುವಾಯ್ತಮ್ಮ? ಟೈಮ್ ಸರಿಯಾಗಿ ಹೇಳಿ, ಅದೇ ಮುಖ್ಯ,” ಎಂದು ಕೇಳಿದಿರಿ. ಮೂರಕ್ಕೆ, ನನ್ನ ಕಣ್ಣೆದುರೇ ಬಿದ್ದರು ಎಂದೆ. ನೀವು ನಂಬಿದಿರಿ. ರಕ್ತ ನಿಂತ ಜಾಗದಲ್ಲಿ ಜೀವಕೋಶಗಳು ಬೇಗ ಸಾಯುತ್ತವೆ, ಸುತ್ತಲಿನವು ಇನ್ನಷ್ಟು ಹೊತ್ತು ಒದ್ದಾಡುತ್ತಿರುತ್ತವೆ, ಅವು ಸಾಯುವ ಬಗೆಯನ್ನೇ ಸ್ಕ್ಯಾನಿನಲ್ಲಿ ಹುಡುಕುತ್ತಿದ್ದೇವೆ ಎಂದು ಎಷ್ಟು ತಾಳ್ಮೆಯಿಂದ ವಿವರಿಸಿದಿರಿ. ಆಮೇಲೆ, ಸಂಜೆ ಐದರ ಹೊತ್ತಿಗೆ, ಫಿಲ್ಮನ್ನು ಬೆಳಕಿಗೆ ಹಿಡಿದು ನಿಮಗೆ ನೀವೇ ಹೇಳಿಕೊಂಡಿರಿ: “ಎರಡೇ ಗಂಟೆಯಲ್ಲಿ ಇಷ್ಟೊಂದು ಸತ್ತಿವೆಯಾ?”

ಆಗಲಾದರೂ ಹೇಳಬಹುದಿತ್ತು. ಹೇಳಿದ್ದರೆ ಚಿಕಿತ್ಸೆ ಬೇರೆಯಾಗುತ್ತಿತ್ತೋ ಏನೋ — ಅದನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ತಿಂಗಳು ಬಿಟ್ಟು ಮತ್ತೆ ಸ್ಕ್ಯಾನಿಗೆ ಬಂದೆವು. ಈ ಸಲ ನೀವು ಅವರನ್ನೇ ಕೇಳಿದಿರಿ: “ಯಜಮಾನ್ರೇ, ಮೂರು ಗಂಟೆಗೇ ತಾನೇ? ಹೌದಾದ್ರೆ ತಲೆ ಆಡಿಸಿ.” ಮಾತು ಹೋಗಿತ್ತೇ ಹೊರತು ಅವರಿಗೆ ಎಲ್ಲವೂ ಅರ್ಥವಾಗುತ್ತಿತ್ತು. ನನ್ನ ಮುಖ ನೋಡಿದರು — ಎಷ್ಟು ಹೊತ್ತು ಎಂದು ಹೇಗೆ ಹೇಳಲಿ. ಆಮೇಲೆ ಹೌದೆಂದು ತಲೆಯಾಡಿಸಿದರು. ವಾಪಸ್ ಬರುವಾಗ ಕಪಿಲಾ ಸೇತುವೆ ದಾಟುವವರೆಗೂ ಕಿಟಕಿಯ ಕಡೆಗೇ ಮುಖ. ಕ್ಷಮಿಸಿದರೋ, ನನ್ನ ಮಾನವನ್ನಷ್ಟೇ ಉಳಿಸಿದರೋ... ಇನ್ನೂ ಐದು ವರ್ಷ ಒಂದೇ ಮನೆಯಲ್ಲಿದ್ದೆವು. ನಾನು ಕೇಳಲಿಲ್ಲ. ಅವರು ಹೇಳುವಂತಿರಲಿಲ್ಲ. ತಿದ್ದುವುದಕ್ಕೆ ಮನೆಯಲ್ಲಿ ಒಂದು ಮಾತೂ ಇರಲಿಲ್ಲ.

ಅವರು ಹೋದ ಮೇಲೆ ಮೈಸೂರಿನಲ್ಲಿ ನಿಮ್ಮ ಲೆಕ್ಚರ್ ಇದೆಯೆಂದು ಪೇಪರಿನಲ್ಲಿ ನೋಡಿ ಬಂದಿದ್ದೆ, ಕೊನೆಯ ಸಾಲಿನಲ್ಲಿ ಕೂತಿದ್ದೆ. ಹೆಸರು ಅಳಿಸಿದ ಒಂದು ಚಿತ್ರವನ್ನು ಪರದೆಯ ಮೇಲೆ ಹಾಕಿದಿರಿ. ಮನೆಯಲ್ಲಿದ್ದ ಫಿಲ್ಮನ್ನು ಅಷ್ಟು ಸಲ ನೋಡಿದ್ದೆನಲ್ಲ, ಗುರುತು ಸಿಕ್ಕಿತು. “ಎರಡು ಗಂಟೆಯೊಳಗೆ ಇಷ್ಟು ಜೀವಕೋಶ ಯಾಕೆ ಸತ್ತವು? ಇವರೊಬ್ಬರು ನಮಗೆ ಇನ್ನೂ ಅರ್ಥವಾಗಿಲ್ಲ,” ಎಂದಿರಿ. ಟೀಗೆ ಎಲ್ಲರೂ ಏಳುವ ಮೊದಲೇ ನಾನು ಎದ್ದು ಬಂದುಬಿಟ್ಟೆ.

ಆ ಚಿತ್ರವನ್ನು ನಿಮ್ಮ ಲೆಕ್ಚರಿನಿಂದ ತೆಗೆದುಬಿಡಿ, ಡಾಕ್ಟರೇ. ಅವರ ಜೀವಕೋಶಗಳು ಅವಸರ ಮಾಡಲಿಲ್ಲ. ಕಾದವು. ಫಾರಮ್ಮನ್ನು ತಿದ್ದಿ — ಸಮಯ, ಬೆಳಿಗ್ಗೆ ಏಳೂವರೆ. ನೋಡಿದವರು, ಹೆಂಡತಿ.

ಇನ್ನೊಂದು ಮಾತಿದೆ. ಅವರು ಆಟಕ್ಕೆ ಹಾಗೆ ಮಾತಾಡಿದರೆಂದು ತಿಳಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಆದರೆ ಆಟವಾಡುವಾಗ ಅವರು ನಗುತ್ತಿದ್ದರು. ಆ ದಿನ ನಗಲಿಲ್ಲ. ಬಾಗಿಲಲ್ಲಿ ಒಂದು ಕ್ಷಣ ನಿಂತು, ಅದನ್ನು ನೋಡಿಯೇ, ನಾನು ಹೋದೆ.