ನಮ್ಮಜ್ಜಿ ಎತ್ತಿದ ಮಡಕೆ

ಹೊಸ ಮಡಕೆಗೆ ಮೊದಲ ಸಲ ನೀರು ಹುಯ್ದಾಗ ಏಳುವ ಘಮ ಮೂಗಿಗೆ ತಾಕಿದರೆ ಇವತ್ತಿಗೂ ನನ್ನ ಕೈಯಲ್ಲಿನ ಕೆಲಸ ನಿಂತುಹೋಗುತ್ತದೆ. ಟಿ. ನರಸೀಪುರದ ಬಳಿಯ ಹೆಮ್ಮಿಗೆಯ ನಮ್ಮ ಹೆಂಚಿನ ಮನೆ, ತಣ್ಣನೆಯ ನಡುಮನೆ, ಮೂಲೆಯಲ್ಲಿ ಬೆವರುತ್ತಿದ್ದ ನೀರಿನ ಮಡಕೆ, ಅದರ ಪಕ್ಕ ಎಲೆಅಡಿಕೆ ಜಗಿಯುತ್ತ ಕೂತ ನಮ್ಮಜ್ಜಿ ಹೊನ್ನಮ್ಮ. ಈಗ ಅಲ್ಲಿ ಬೇರೆ ಯಾರದೋ ತಾರಸಿ ಮನೆಯಿದೆ. ನಿಮ್ಮದೂ ಅಂಥ ಒಂದು ಮನೆ ಹೋಗಿದ್ದರೆ, ಅಲ್ಲಿನ ಒಬ್ಬರ ಒಂದು ದಿನವಾದರೂ ನಿಮ್ಮಲ್ಲಿ ಉಳಿದಿರುತ್ತದೆ. ನನ್ನಲ್ಲಿ ಉಳಿದಿರುವುದು ಇದು.

ತೊಂಬತ್ತರ ದಶಕದ ನಡುವೆ, ನಾನು ಆರನೇ ಕ್ಲಾಸಿನಲ್ಲಿದ್ದಾಗ, ಸ್ಕೂಲಿನವರು ಬಸ್ಸು ಮಾಡಿ ನಮ್ಮನ್ನು ಮೈಸೂರಿನ ಮ್ಯೂಸಿಯಮ್ಮಿಗೆ ಕರೆದೊಯ್ದರು. ಹೆಣ್ಣುಮಗುವನ್ನು ಒಂಟಿಯಾಗಿ ಕಳಿಸುವುದಿಲ್ಲವೆಂದು ಹಟ ಹಿಡಿದು ಅಜ್ಜಿಯೂ ಹೊರಟಳು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಬೂದು ಬಣ್ಣದ ಮಡಕೆ ಇತ್ತು. ಮುಂದಿದ್ದ ಚೀಟಿಯನ್ನು ನಾನು "ಟಿ. ನರಸೀಪುರ" ಎಂದು ಓದಿದ್ದೇ ತಡ, ಅಜ್ಜಿ ಗಾಜಿಗೆ ಹಣೆ ಆನಿಸಿ ನಿಂತಳು.

"ಇದ ಮಣ್ಣಿಂದ ಎತ್ತಿದ್ದು ನಾನೇ ಕಣವ್ವ. ನಂಗಿನ್ನೂ ಮದ್ವೆ ಆಗಿರ್ನಿಲ್ಲ. ಒಳೆ ದಡದಲ್ಲಿ ಅಗೀತಿದ್ರು, ಮಣ್ಣು ಒರೋಕೆ ಓಯ್ತಿದ್ದೆ."

ಹುಡುಗಿಯರು ಕಿಸಕ್ಕನೆ ನಕ್ಕರು. ವಾಚ್‌ಮ್ಯಾನ್, "ಸುಮ್ನೆ ನಡಿಯಜ್ಜಿ, ಅದು ಸಾವಿರಾರು ವರ್ಷದ್ದು" ಎಂದು ಗದರಿದ. ನಾಚಿಕೆಯಾಗಿ ನಾನು ಅವಳ ಕೈ ಬಿಟ್ಟು ಗೆಳತಿಯರ ಹಿಂದೆ ಸರಿದೆ. ಅಜ್ಜಿ ಕದಲಲಿಲ್ಲ. ಸದ್ದು ಕೇಳಿ ಹೊರಬಂದ ಅಧಿಕಾರಿಗೆ, "ತಳ ನೋಡಿ ಸಾ, ಮೂರು ಗೀರವೆ. ಒಂದು ಮೋಟು" ಎಂದಳು.

ಅವರು ಬೀಗ ತೆಗೆಸಿ, ಮಡಕೆಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಹೊರಳಿಸಿದರು. ಮೂರು ಗೀರು. ಒಂದು ಮೋಟು. ವಾಚ್‌ಮ್ಯಾನೇ ಓಡಿಹೋಗಿ ಕುರ್ಚಿ ತಂದ. ಅಧಿಕಾರಿ ಪೆನ್ನು ಬಿಚ್ಚಿ, "ಒಳಗೆ ಏನಿತ್ತಮ್ಮ?" ಎಂದು ಕೇಳಿದರು.

"ಕೂಸಿನ ಮೂಳೆ ಸಾ. ಮೇಸ್ತ್ರಿ ಬುಟ್ಟೀಗೆ ಆಕು ಅಂದ. ನಂಗೆ ಮನ್ಸು ಬರ್ನಿಲ್ಲ. ಗುಂಡಿಯಿಂದ ಮೇಲಕ್ಕೆ ಸೆರಗಲ್ಲೇ ಎತ್ಕಂಡು ಬಂದೆ."

ಈಗ ಯಾರೂ ನಗಲಿಲ್ಲ. ನಮ್ಮ ಮೇಷ್ಟರು ಕೈಕಟ್ಟಿ ನಿಂತಿದ್ದರು. ಅಕ್ಷರ ಬಾರದ ನಮ್ಮಜ್ಜಿ ಕುರ್ಚಿಯಲ್ಲಿ ಕೂತು ಹೇಳುತ್ತಲೇ ಇದ್ದಳು, ಅಧಿಕಾರಿ ಬರೆದುಕೊಳ್ಳುತ್ತಲೇ ಇದ್ದರು. ನಾನು ಎಲ್ಲರನ್ನೂ ತಳ್ಳಿಕೊಂಡು ಹೋಗಿ ಅವಳ ಕೈ ಹಿಡಿದೆ. ಅವಳು ನನ್ನನ್ನು ಪಕ್ಕಕ್ಕೆ ಒತ್ತಿಕೊಂಡಳು.

ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಅವಳನ್ನು ಮಣ್ಣು ಮಾಡಿದ ಜಾಗದ ಗುರುತೂ ಸರಿಯಾಗಿ ಉಳಿದಿಲ್ಲ. ಆದರೆ ಆ ಸಂಜೆ ವಾಪಸು ಬರುವಾಗ, ನರಸೀಪುರದ ಸೇತುವೆ ಮೇಲೆ ಅವಳು ಕಿಟಕಿಯಾಚೆ ಕೈ ಚಾಚಿ "ಅಗೋ, ಅಲ್ಲೇ ಕಣ್ರವ್ವ" ಎಂದದ್ದೇ, ಡ್ರೈವರು ಯಾರೂ ಹೇಳದೆ ಬಸ್ಸು ನಿಲ್ಲಿಸಿದ. ಇಡೀ ಕ್ಲಾಸು ಸೀಟು ಬಿಟ್ಟೆದ್ದು ಅವಳ ಕಡೆಯ ಕಿಟಕಿಗಳಿಗೆ ಮುಗಿಬಿತ್ತು.