ತೊಳೆದ ಅಂಗಳದ ನಕ್ಷತ್ರಗಳು

ನನಗೆ ಸಂಶಯ ಹುಟ್ಟುಗುಣ. ಮೀನಿನವನು ತಾಜಾ ಎಂದು ಆಣೆ ಹಾಕಿದರೂ ಕಿವಿರು ಬಿಡಿಸಿ ನೋಡುವವಳು ನಾನು. ಹಾಗಾಗಿ ನಮ್ಮ ಕ್ಯಾಮೆರಾದ ತಪ್ಪು ಒಂದೇ ಸಂಜೆಯಲ್ಲಿ ಅರ್ಧಕ್ಕೆ ಇಳಿದಾಗ ಜೊತೆಗಾರ ಕುಣಿದಾಡಿದ, ನಾನು ಹುಬ್ಬು ಗಂಟಿಕ್ಕಿದೆ.

ನಾವಿಬ್ಬರೂ ಮೂಡುಬಿದಿರೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆವು. ಪುಟ್ಟ ಉಪಗ್ರಹವೊಂದಕ್ಕೆ ನಕ್ಷತ್ರ ನೋಡುವ ಕ್ಯಾಮೆರಾ ಮಾಡಿಕೊಡುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಅಷ್ಟು ಎತ್ತರದಲ್ಲಿ ಉಪಗ್ರಹಕ್ಕೆ ತಾನು ಯಾವ ಕಡೆ ಮುಖ ಮಾಡಿದ್ದೇನೆಂದು ತಿಳಿಯಬೇಕಲ್ಲ. ಈ ಕ್ಯಾಮೆರಾ ನಕ್ಷತ್ರಗಳ ಚಿತ್ರ ತೆಗೆದು, ತನ್ನೊಳಗಿನ ನಕ್ಷತ್ರಪಟ್ಟಿಗೆ ಹೋಲಿಸಿ ಅದನ್ನು ಹೇಳುತ್ತದೆ. ಚಿತ್ರದಲ್ಲಿ ನಕ್ಷತ್ರವೆಂದರೆ ಒಂದು ಮಸುಕು ಚುಕ್ಕೆ. ಆ ಚುಕ್ಕೆಯ ನಡುವನ್ನು ಎಷ್ಟು ಸರಿಯಾಗಿ ಹಿಡಿಯುತ್ತೇವೋ ದಿಕ್ಕು ಅಷ್ಟು ಸರಿ. ನಡು ಹಿಡಿಯುವ ಹಳೆಯ ಲೆಕ್ಕ ನನ್ನದು. ಹೊಸದು ಬಂಟ್ವಾಳದಿಂದ ಬರುತ್ತಿದ್ದ ಈ ಜೊತೆಗಾರನದು, ಅವನ ಪಿಎಚ್‌ಡಿ ಪೂರ್ತಿ ಅದರ ಮೇಲೆ ನಿಂತಿತ್ತು. ನನ್ನ ಸಂಶಯಕ್ಕೆ ಹೊಟ್ಟೆಕಿಚ್ಚಿನ ವಾಸನೆ ಇದೆಯೆಂದು ಅವನಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಪೇಟೆಯ ಬೆಳಕಿನಲ್ಲಿ ಪರೀಕ್ಷೆ ಮಾಡುವ ಹಾಗಿರಲಿಲ್ಲ. ಮುಂಡಾಜೆಯ ನಮ್ಮ ಮನೆಗೆ ಹೋಗುತ್ತಿದ್ದೆವು. ಅಲ್ಲಿಯೂ ತಾರಸಿಗೆ ಮಳೆಯ ಭಯದಿಂದ ಶೀಟು ಹೊದೆಸಿದ್ದರಿಂದ ಉಳಿದದ್ದು ಅಂಗಳ. ಭತ್ತ ಒಣಗಿಸಲಿ, ಮದುವೆಯ ಚಪ್ಪರ ಹಾಕಲಿ, ನಮಗೆ ಎಲ್ಲದಕ್ಕೂ ಅಂಗಳವೇ ಬೇಕು. ಕ್ಯಾಮೆರಾಕ್ಕೆ ಬೇರೆ ಜಾಗ ಹುಡುಕುವ ಯೋಚನೆಯೇ ಇಬ್ಬರಿಗೂ ಬರಲಿಲ್ಲ. ಅಮ್ಮ ಹಗಲಿಡೀ ಕೊಬ್ಬರಿ ಒಣಗಿಸಿದ ಸಿಮೆಂಟಿನ ಅಂಗಳದಲ್ಲಿ, ಮುಸ್ಸಂಜೆಗೆ ಅವರು ಅದನ್ನು ಒಳಗೆ ಹಾಕಿದ ಕೂಡಲೇ ನಾವು ಸ್ಟ್ಯಾಂಡು ನಿಲ್ಲಿಸುತ್ತಿದ್ದೆವು. ವಾರಗಟ್ಟಲೆ ತಪ್ಪು ಇದ್ದಲ್ಲೇ ಇತ್ತು. ಅವನ ಹೊಸ ಲೆಕ್ಕವನ್ನು ಮೊದಲ ಸಲ ಓಡಿಸಿದ ಆ ಶನಿವಾರ ಮಾತ್ರ ಧಡಕ್ಕನೆ ಇಳಿಯಿತು.

"ಪಟ್ಟಿಗೆ ಸರಿ ಕೂಡದ ನಕ್ಷತ್ರಗಳನ್ನು ಲೆಕ್ಕದಿಂದ ಬಿಟ್ಟಿದ್ದೀರಾ?" ಎಂದು ನೇರವಾಗಿ ಕೇಳಿದೆ.

ಅವನ ಮುಖ ಕೆಂಪಾಯಿತು. "ನಿಮಗೆ ಯಾರ ಮೇಲೂ ನಂಬಿಕೆ ಇಲ್ಲ ಮಾರಾಯ್ರೆ. ಚಿತ್ರಗಳು ಎಲ್ಲ ಲ್ಯಾಪ್‌ಟಾಪಿನಲ್ಲೇ ಉಂಟು, ನೀವೇ ನೋಡಿಕೊಳ್ಳಿ."

ಬೆಳಿಗ್ಗೆ ಕೂತು ನೋಡಿದೆ. ಒಂದು ನಕ್ಷತ್ರವನ್ನೂ ಅವನು ಬಿಟ್ಟಿರಲಿಲ್ಲ. ಅಲ್ಲಿಗೆ ಸುಮ್ಮನಾಗಬಹುದಿತ್ತು, ಆದರೆ ಸಂಶಯ ಇನ್ನಷ್ಟು ಬಲಿಯಿತು. ಹಿಂದಿನ ವಾರಗಳ ಚಿತ್ರಗಳಲ್ಲಿ ಚುಕ್ಕೆಗಳು ಒಂದರಿಂದೊಂದಕ್ಕೆ ಅಲುಗಾಡುತ್ತಿದ್ದವು. ಇವುಗಳಲ್ಲಿ ನಿಂತಲ್ಲೇ ನಿಂತಿದ್ದವು. ಯಾವ ಲೆಕ್ಕವೂ ಚಿತ್ರದೊಳಗಿನ ನಕ್ಷತ್ರವನ್ನು ಹಿಡಿದು ನಿಲ್ಲಿಸಲಾರದು.

ನಿನ್ನೆ ಅಂಗಳದಲ್ಲಿ ಏನು ವಿಶೇಷ ಇತ್ತೆಂದು ಅಮ್ಮನನ್ನು ಕೇಳಿದೆ.

"ಸಂಕ್ರಮಣ ಅಲ್ವಾ ನಿನ್ನೆ? ದೈವಕ್ಕೆ ದೀಪ ಇಡ್ಲಿಕ್ಕುಂಟು ಅಂತ ಕೊಬ್ಬರಿ ಹಾಕ್ಲಿಲ್ಲ. ಸಂಜೆ ನೀವು ಬರುವ ಮೊದಲೇ ಅಂಗಳ ಇಡೀ ತೊಳೆದೆ."

ತಲೆ ಚಚ್ಚಿಕೊಳ್ಳಬೇಕೆನಿಸಿತು. ಹಗಲಿಡೀ ಕಾದ ಸಿಮೆಂಟು ಸಂಜೆ ಬಿಸಿ ಬಿಡುತ್ತದೆ. ಅದರ ಮೇಲಿನ ಗಾಳಿ ದೋಸೆ ಕಾವಲಿಯ ಮೇಲಿನ ಗಾಳಿಯ ಹಾಗೆ ನಡುಗಿ ನಕ್ಷತ್ರಗಳನ್ನು ಅಲುಗಿಸುತ್ತಿತ್ತು. ಅಂಗಳವನ್ನು ತಣಿಸಿದ್ದು ಅಮ್ಮನ ನೀರು.

ಸೋಮವಾರ ಕಾಲೇಜಿನಲ್ಲಿ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಅದೇ ಸಂಜೆಯ ಚಿತ್ರಗಳನ್ನು ನನ್ನ ಹಳೆಯ ಲೆಕ್ಕಕ್ಕೆ ಕೊಟ್ಟೆ. ತಪ್ಪು ಅಷ್ಟೇ ಕಡಿಮೆ ಬಂತು.

"ಅಂದರೆ ಕ್ಯಾಮೆರಾ ಒಳ್ಳೆಯದುಂಟು," ಎಂದ.

"ಹೌದು."

"ನನ್ನ ಲೆಕ್ಕದಿಂದ ಏನೂ ಆಗ್ಲಿಲ್ಲ."

ನನಗೆ ಗೆದ್ದ ಖುಷಿ ಆಗಬೇಕಿತ್ತೋ ಏನೋ. ಆದದ್ದು ಸಂಕಟ. ಅವನು ಪರದೆಯನ್ನೇ ನೋಡುತ್ತ, "ಚಿತ್ರ ಅದೇ ಅಲ್ವಾ? ನೀವು ಏನೂ ಬದಲಿಸಲಿಲ್ಲ ಅಲ್ವಾ?" ಎಂದು ಕೇಳಿದ. ನನ್ನದೇ ಧಾಟಿಯ ಪ್ರಶ್ನೆ. ಕೋಪ ಬರಲಿಲ್ಲ. ಲ್ಯಾಪ್‌ಟಾಪನ್ನು ಅವನ ಕಡೆ ತಳ್ಳಿದೆ. ಅವನೇ ಮೊದಲಿನಿಂದ ಎಲ್ಲ ಮಾಡಿ ನೋಡಿದ, ಅದೇ ಉತ್ತರ ಬಂತು. ಎದ್ದು ಹೋದ.

ಮುಂದಿನ ಶನಿವಾರ ಅವನು ಬರಲಾರನೆಂದುಕೊಂಡು ನಾನು ಒಬ್ಬಳೇ ಮುಂಡಾಜೆಗೆ ಹೋದೆ. ಆದರೆ ಬಿಸಿಲು ಇಳಿಯುವ ಹೊತ್ತಿಗೆ ಅವನು ಬಸ್ಸಿಳಿದು ಬಂದ. ಅಮ್ಮ ಕೊಬ್ಬರಿ ತೆಗೆದ ಮೇಲೆ ಪ್ಯಾಂಟು ಮಡಚಿ, ಬಾವಿಯಿಂದ ನೀರು ಸೇದಿ ಅಂಗಳಕ್ಕೆ ಸುರಿಯತೊಡಗಿದ.

"ಇವತ್ತು ಸಂಕ್ರಮಣ ಅಲ್ಲ ಮಗಾ," ಎಂದರು ಅಮ್ಮ.

"ಗೊತ್ತುಂಟು ಅಮ್ಮಾ," ಎಂದು ಅವನು ಇನ್ನೊಂದು ಕೊಡ ಸುರಿದ.